ಚಿಂತಾಮಣಿಯಿಂದ ಬೀಚ್ ಸಾಕರ್ ಕಾಮೆಂಟ್ರಿ

ಮೈಕ್ ಹಿಡಿದು ಬದುಕುವವನನ್ನು ಎಡವಟ್ಟುಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ನಾವೇನೂ ಕರೆಯಬೇಕಾಗಿಲ್ಲ. ಚಿಂತಾಮಣಿಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ಮದುವೆಗೆ, ನಾಮಕರಣಕ್ಕೆ, ಸಭೆಗೆ ಸೆಟ್ ಬಾಡಿಗೆಗೆ ಕೊಡುತ್ತೇನೆ. ಭಾನುವಾರ ಸುತ್ತಮುತ್ತ ಎಲ್ಲಾದರೂ ಕಬಡ್ಡಿಯೋ ವಾಲಿಬಾಲೋ ಇದ್ದರೆ ನಾನೇ ಕೂತು ಕಾಮೆಂಟ್ರಿ ಹೇಳುತ್ತೇನೆ. ಇಷ್ಟು ವರ್ಷದಲ್ಲಿ ಎಡವಟ್ಟು ಬೇಕಾದಷ್ಟು ಆಗಿವೆ. ಆದರೆ ಯುರೋಪಿನವರ ಆಟಕ್ಕೆ ಬಾಯಿ ಹಾಕಲು ಹೋಗಿ ಆದಷ್ಟು ಬೇರೆ ಯಾವುದರಲ್ಲೂ ಆಗಿಲ್ಲ.

ಸಮುದ್ರದ ಅನುಭವ

ಒಂದು ದಿನ ಬೆಂಗಳೂರಿನ ಯಾವುದೋ ಮೊಬೈಲ್ ಆ್ಯಪ್ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಶಿಡ್ಲಘಟ್ಟದ ಒಂದು ಕಬಡ್ಡಿ ಪಂದ್ಯದ ವಿಡಿಯೋ ನೋಡಿದ್ದಳಂತೆ. ಆಟಗಾರರು ಸರಿಯಾಗಿ ಕಾಣುತ್ತಿರಲಿಲ್ಲ, ನನ್ನ ದನಿ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತಂತೆ.

"ಸರ್, ಬೀಚ್ ಸಾಕರ್ ಗೊತ್ತಾ?"

"ಗೊತ್ತಿಲ್ಲಮ್ಮ."

"ಮರಳಲ್ಲಿ ಆಡೋ ಫುಟ್‌ಬಾಲ್ ಸರ್. ಒಂದ್ ಕಡೆ ಐದೇ ಜನ, ಬರಿಗಾಲು. ಹನ್ನೆರಡು ನಿಮಿಷದ ಮೂರು ಭಾಗ, ಆಟ ಮುಗೀತು. ಯುರೋಪಿನ ಕ್ಲಬ್ಬುಗಳೆಲ್ಲ ಸೇರಿ ವರ್ಷಕ್ಕೊಂದ್ಸಲ ಚಾಂಪಿಯನ್‌ಷಿಪ್ ಆಡ್ತಾರೆ, ಒಂದು ವಾರ. ಅದನ್ನ ನಾವು ಕನ್ನಡದಲ್ಲಿ ಕೊಡ್ತಿದ್ದೀವಿ."

"ಯಾಕಮ್ಮ?"

"ಎಲ್ಲಾ ಭಾಷೇಲೂ ಕೊಡ್ಬೇಕಂತ ಮೇಲಿನವರು ಹೇಳಿದ್ದಾರೆ ಸರ್. ನಿಮಗೆ ಬೀಚ್ ಬಗ್ಗೆ ಏನಾದ್ರೂ ಅನುಭವ ಇದ್ಯಾ?"

ಸಮುದ್ರ ನಾನು ನೋಡಿರುವುದು ಒಂದೇ ಸಲ. ಮದುವೆಯಾದ ಹೊಸದರಲ್ಲಿ ಮದ್ರಾಸಿಗೆ ಹೋಗಿದ್ದೆವು. ಅಲೆ ಬಂದು ಮನೆಯವಳ ಒಂದು ಚಪ್ಪಲಿ ಎಳೆದುಕೊಂಡು ಹೋಯಿತು. ತಿರುಗಿ ಬರುತ್ತದೇನೋ ಅಂತ ಒಂದು ಗಂಟೆ ಕಾದೆವು, ಬರಲಿಲ್ಲ. ಇರುವ ವಿಷಯವನ್ನು ಹಾಗೇ ಹೇಳಿದೆ.

"ಸಾಕು ಸರ್," ಅಂದಳು. "ಬೇರೆ ಭಾಷೆಯವರಿಗೆ ಅಷ್ಟೂ ಇಲ್ಲ."

ಈರುಳ್ಳಿ ಸಿಪ್ಪೆ ಬಣ್ಣ

ಕೆಲಸ ಮನೆಯಿಂದಲೇ. ಲ್ಯಾಪ್‌ಟಾಪಿನಲ್ಲಿ ಆಟ ಬರುತ್ತದೆ, ಅದನ್ನು ನೋಡುತ್ತಾ ನಾನು ಮೈಕಿನಲ್ಲಿ ಹೇಳಬೇಕು. ಅವರಿಗೆ ಬೆಳಗಿನ ಹೊತ್ತು ನಮಗೆ ಮಧ್ಯಾಹ್ನ. ಮೊದಲ ದಿನ ದನಿ ಪರೀಕ್ಷೆ ಮಾಡಿದ ಹುಡುಗಿ ಕೇಳಿದಳು, "ಸರ್, ದನಿ ಗೋಡೆಗೆ ಬಡಿದು ಮೊಳಗ್ತಾ ಇದೆ. ಮನೆ ಖಾಲಿನಾ?"

ಮನೆಯವಳು ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ನಮಗೆ ಮಕ್ಕಳಿಲ್ಲ. ಇಷ್ಟು ವರ್ಷ ಮೈಕ್ ಸೆಟ್ ವ್ಯವಹಾರ ಮಾಡಿ ಊರಿನ ಕಲ್ಯಾಣ ಮಂಟಪಗಳಲ್ಲಿ ಯಾವುದು ಎಷ್ಟು ಮೊಳಗುತ್ತದೆ ಅಂತ ಬಾಯಿಪಾಠವಾಗಿ ಹೇಳುತ್ತಿದ್ದೆ. ನನ್ನ ಮನೆಯದು ಮಾತ್ರ ಗೊತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ತಾನೆ ಗೊತ್ತಾಗುವುದು.

"ಗೋಡೆಗೆ ಬಟ್ಟೆ ನೇತು ಹಾಕಿ ಸರ್, ಸರಿಹೋಗುತ್ತೆ."

ನನ್ನ ಪಂಚೆ, ಶರಟು ಎಲ್ಲ ಸೇರಿದರೂ ಒಂದು ಗೋಡೆಗೆ ಸಾಲಲಿಲ್ಲ. ಹಾಗಾಗಿ ಮನೆಯವಳ ಬೀರು ತೆಗೆದೆ. ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ. ಒಳಗೆ ನುಸಿಗುಳಿಗೆ ವಾಸನೆ, ಸೀರೆಗಳ ಮಡಿಕೆ ಕೂಡ ಕೆಟ್ಟಿಲ್ಲ. ಹಗ್ಗ ಕಟ್ಟಿ ಸೀರೆಗಳನ್ನೆಲ್ಲ ನಾಲ್ಕೂ ಗೋಡೆಗೆ ಇಳಿಬಿಟ್ಟು ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊಳಗು ನಿಂತುಹೋಯಿತು.

ಆ ಆಟಗಾರರ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಬಣ್ಣ ನೋಡಿಯೇ ಗುರುತು ಹೇಳಬೇಕು. ಒಂದು ತಂಡದ ಅಂಗಿ ಹಸಿರು ಅಂದರೆ ಹಸಿರಲ್ಲ, ಇನ್ನೊಂದರದು ನೀಲಿ ಅಂದರೆ ನೀಲಿಯಲ್ಲ. ತಲೆ ಎತ್ತಿದರೆ ಎದುರಿಗೆ ಸೀರೆಗಳು. "ಮಾವಿನ ಚಿಗುರಿನ ಬಣ್ಣದ ತಂಡಕ್ಕೆ ಚೆಂಡು ಸಿಕ್ಕಿದೆ, ನವಿಲು ಕಂಠದವರು ಹಿಂದೆ ಓಡ್ತಿದ್ದಾರೆ" ಅಂತ ಬಾಯಿಗೆ ಬಂತು. ಅವಳು ಅಂಗಡಿಯಲ್ಲಿ ಕೂತು ಈ ಹೆಸರೆಲ್ಲ ಹೇಳಿ ಸೀರೆ ತೆಗೆಸುವಾಗ ನಾನು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದವನು. ಕೇಳಿಸಿಕೊಳ್ಳುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಆ ವಾರದ ಕೊನೆಗೆ ಹುಡುಗಿ ಒಂದು ಮೆಸೇಜ್ ಕಳಿಸಿದಳು. ಶಿಡ್ಲಘಟ್ಟದ ಒಬ್ಬ ಹೆಂಗಸು ಯಾವುದೋ ತುಣುಕು ನೋಡಿ ಬರೆದಿದ್ದರು: "ನೀವು ಹೇಳಿದ ಈರುಳ್ಳಿ ಸಿಪ್ಪೆ ಬಣ್ಣದ್ದು ಬಹಳ ಚೆನ್ನಾಗಿದೆ. ಯಾವ ಅಂಗಡಿಯಲ್ಲಿ ಸಿಗುತ್ತೆ? ಬಾರ್ಡರ್ ದೊಡ್ಡದಿದ್ದರೂ ಪರವಾಗಿಲ್ಲ."

ನಾನು ಉತ್ತರ ಬರೆದೆ: "ಅಮ್ಮಾ, ಅದು ಸೀರೆ ಅಲ್ಲ. ಗೋಲ್‌ಕೀಪರ್."

ಪೋಷಕರು ಎಲ್ಲಿದ್ದರೂ ಬರಬೇಕು

ಮರಳಿನಲ್ಲಿ ಚೆಂಡು ನೆಟ್ಟಗೆ ಉರುಳುವುದಿಲ್ಲ. ಅದಕ್ಕೆ ಅವರು ಚೆಂಡನ್ನು ಮೇಲೆತ್ತಿ, ಗಾಳಿಯಲ್ಲೇ ಅಂಗಾತ ಬಿದ್ದು ತಲೆಯ ಮೇಲಿಂದ ಹಿಂದಕ್ಕೆ ಒದೆಯುತ್ತಾರೆ. ನಾನು ಅದಕ್ಕೆ "ಅಂಗಾತ ಒದೆ" ಅಂತ ಹೆಸರಿಟ್ಟೆ. ಮೊದಲ ದಿನ ಅದು ಬಿಟ್ಟರೆ ನನಗೆ ಗೊತ್ತಿದ್ದದ್ದು ಕಬಡ್ಡಿಯ ಭಾಷೆ ಮಾತ್ರ. ಹೊತ್ತು ಹೋಗದಾಗ ಅಭ್ಯಾಸಬಲದಿಂದ, "ಕೆಂಪು ಬೈಕ್ ಯಾರದೋ ದಾರಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೀಬೇಕು" ಅಂದುಬಿಟ್ಟೆ. ಹುಡುಗಿ ತಕ್ಷಣ ಬರೆದಳು: "ಸರ್, ಬೈಕ್ ಎಲ್ಲಿದೆ?"

ಇನ್ನೊಂದು ಪಂದ್ಯದಲ್ಲಿ ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಮೆಟ್ಟಿಲ ಮೇಲೆ ನೀಲಿ ಟೋಪಿಯ ಒಂದು ಪುಟ್ಟ ಮಗು ಒಂಟಿಯಾಗಿ ನಿಂತು ಅಳುತ್ತಿತ್ತು. ನನ್ನ ಕೈಲಿ ತಡೆಯಲಾಗಲಿಲ್ಲ. ಆಟ ಅಲ್ಲಿಗೇ ಬಿಟ್ಟು, "ನೀಲಿ ಟೋಪಿ ಹಾಕಿರೋ ಮಗು ಒಂದು ಅಳ್ತಾ ನಿಂತಿದೆ. ಪೋಷಕರು ಎಲ್ಲಿದ್ದರೂ ಕೂಡಲೇ ಮೆಟ್ಟಿಲ ಹತ್ರ ಬರಬೇಕು. ಮತ್ತೊಮ್ಮೆ ಹೇಳ್ತಿದ್ದೀನಿ, ನೀಲಿ ಟೋಪಿ" ಅಂತ ಕೂಗಿದೆ.

ಎರಡನೇ ಸಲ ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹೆಂಗಸು ಓಡಿಬಂದು ಮಗುವನ್ನು ಎತ್ತಿಕೊಂಡಳು.

ನನ್ನ ಮಾತು ಊರ ಟೂರ್ನಮೆಂಟಿನಲ್ಲೇ ಯಾರೂ ಅಷ್ಟು ಬೇಗ ಕೇಳಿದ್ದಿಲ್ಲ.

ಮೂರನೆಯವರು

ಲ್ಯಾಪ್‌ಟಾಪಿನ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಅಂತ ಸಂಖ್ಯೆ ಬರುತ್ತಿತ್ತು. ಮೊದಲ ವರ್ಷವೆಲ್ಲ ಹೆಚ್ಚುಕಮ್ಮಿ ಮೂರು. ಅದರಲ್ಲಿ ಒಬ್ಬಳು ಆಫೀಸಿನ ಹುಡುಗಿ. ಇನ್ನೊಬ್ಬ ನಾನೇ, ದನಿ ಬರುತ್ತಿದೆಯಾ ಅಂತ ಪಕ್ಕದಲ್ಲಿ ಫೋನ್ ಹಚ್ಚಿಟ್ಟುಕೊಂಡಿರುತ್ತಿದ್ದೆ. ಮೂರನೆಯವರು ಯಾರೋ ಗೊತ್ತಿಲ್ಲ. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಸಂಖ್ಯೆ ಎರಡಕ್ಕಿಳಿದರೆ ನನಗೆ ಕಸಿವಿಸಿ. ಮತ್ತೆ ಮೂರಾದರೆ, "ಬನ್ನಿ ಬನ್ನಿ, ಈಗ ತಾನೆ ಬಂದವರಿಗೆ ಹೇಳ್ತೀನಿ, ಎರಡಕ್ಕೆ ಒಂದು ನಡೀತಿದೆ" ಅನ್ನುತ್ತಿದ್ದೆ. ಕೆಲವು ದಿನ ನಾನು ಬಾಯಿಬಿಟ್ಟು ಮಾತಾಡಿದ್ದು ಅವರೊಬ್ಬರ ಜೊತೆ ಮಾತ್ರ.

ಚಾಂಪಿಯನ್‌ಷಿಪ್ ಮುಗಿದು ಒಂದೆರಡು ತಿಂಗಳ ಮೇಲೆ ಆಂಪ್ಲಿಫೈಯರ್ ಒಂದನ್ನು ರಿಪೇರಿಗೆ ಕೊಡಲು ಗೌರಿಬಿದನೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದರೆ ಯಾರೋ "ಅಂಗಾತ ಒದೆ!" ಅಂತ ಕೂಗಿದರು. ನನ್ನದೇ ದನಿ. ಒಂದು ಸೆಲೂನಿನೊಳಗಿಂದ ಬರುತ್ತಿತ್ತು. ಗೋಡೆಯ ಟಿವಿಯಲ್ಲಿ ಹಳೆಯ ಪಂದ್ಯ ಓಡುತ್ತಿದೆ, ಅಂಗಡಿಯವನು ಒಬ್ಬರಿಗೆ ಶೇವಿಂಗ್ ಮಾಡುತ್ತಿದ್ದಾನೆ.

ಎದೆ ಉಬ್ಬಿತು. ಒಳಗೆ ಹೋಗಿ, "ಈ ಆಟ ನಿಮಗೆ ಇಷ್ಟನಾ?" ಅಂತ ಕೇಳಿದೆ. ನಾನೇ ಅಂತ ಹೇಳಲಿಲ್ಲ.

"ಆಟ ಯಾರು ನೋಡ್ತಾರೆ ಸಾರ್," ಅಂದ. "ಕ್ರಿಕೆಟ್ ಹಾಕಿದ್ರೆ ಗಿರಾಕಿಗಳು ಕೂತಲ್ಲೇ ಎಗರ್ತಾರೆ, ಕತ್ತಿ ತಾಕುತ್ತೆ. ಸಿನಿಮಾ ಹಾಕಿದ್ರೆ ಕತ್ತು ತಿರುಗಿಸ್ತಾರೆ. ಇದನ್ನ ಹಾಕಿದ್ರೆ ಯಾರೂ ಅಲ್ಲಾಡಲ್ಲ. ಐದ್ ನಿಮಿಷಕ್ಕೆ ನಿದ್ದೆ. ಆವಾಗ ಲೈವ್ ಬಂದಾಗಿಂದ ಇದನ್ನೇ ಹಾಕ್ತಿದ್ದೀನಿ. ಕೂತ್ಕೊಳಿ ಸಾರ್, ಗಡ್ಡ ಬೆಳೆದಿದೆ."

ನನ್ನನ್ನು ಎದ್ದಿರುವಂತೆ ಮಾಡುತ್ತಿದ್ದ ಮೂರನೆಯವನು ಇವನೇ. ಮೊದಲಿನವರು ಎದ್ದು ಹೋದ ಮೇಲೆ ಕುರ್ಚಿಯಲ್ಲಿ ಕೂತೆ. ಸೋಪು ಹಚ್ಚಿದ. ಟಿವಿಯಲ್ಲಿ ನಾನು ಮಾತಾಡುತ್ತಲೇ ಇದ್ದೆ.

"ಸಾರ್, ಆಯ್ತು, ಎದ್ದೇಳಿ" ಅಂತ ಅವನು ಭುಜ ಅಲ್ಲಾಡಿಸಿದಾಗಲೇ ನನಗೆ ಎಚ್ಚರವಾದದ್ದು.

ಜೊತೆಗೊಬ್ಬರು

ಎರಡನೇ ವರ್ಷ ಹುಡುಗಿ ಹೇಳಿದಳು, "ಸರ್, ಬೇರೆ ಎಲ್ಲಾ ಭಾಷೆಯಲ್ಲೂ ಇಬ್ಬಿಬ್ಬರು ಮಾತಾಡ್ತಾರೆ. ಒಬ್ಬರೇ ಆದ್ರೆ ಸಪ್ಪೆ ಅನ್ನಿಸುತ್ತೆ. ನಿಮ್ಮ ಜೊತೆ ಕೂತು ಮಾತಾಡೋರು ಯಾರಾದ್ರೂ ಇದ್ದಾರಾ?"

ಆ ಪ್ರಶ್ನೆಗೆ ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ಸಂತೆಯಲ್ಲಿ ನಿಂತರೆ ಹತ್ತು ಜನ ನಮಸ್ಕಾರ ಅನ್ನುತ್ತಾರೆ. ಆದರೆ ಮನೆಗೆ ಬಂದು ಒಂದು ಗಂಟೆ ಜೊತೆಗೆ ಕೂರುವವರು ಅಂತ ಬೆರಳು ಮಡಿಸಲು ಹೋದರೆ ಮೊದಲ ಬೆರಳೇ ಮಡಿಯಲಿಲ್ಲ.

"ಇದ್ದಾರಮ್ಮ, ನೋಡ್ತೀನಿ" ಅಂದೆ. ಮಾರನೆಯ ದಿನ ಎರಡೂ ದನಿ ನಾನೇ ಮಾಡಿದೆ. ಮೊದಲನೆಯದು ನನ್ನ ಮಾಮೂಲಿ ದನಿ. ಎರಡನೆಯದು ಸ್ವಲ್ಪ ದಪ್ಪ, ನಿಧಾನ, ಬಾಗೇಪಲ್ಲಿ ಕಡೆಯವರ ಹಾಗೆ ತೆಲುಗಿನ ಎಳೆತ. "ಏನಂತೀರಿ ಸಾರ್, ಹೇಗಿತ್ತು ಒದೆ?" ಅಂತ ನಾನು ಕೇಳುವುದು, "ಬಾಗುಂದಿ ಸಾರ್, ಚೆನ್ನಾಗಿತ್ತು" ಅಂತ ಅವರು ಅನ್ನುವುದು. ಹುಡುಗಿಗೆ ನಿಜ ಗೊತ್ತಾಯಿತು. ಬಿದ್ದು ಬಿದ್ದು ನಕ್ಕಳು. "ನಡೀಲಿ ಸರ್, ಯಾರಿಗೂ ಹೇಳಲ್ಲ" ಅಂದಳು.

ಮೊದಲೆರಡು ಪಂದ್ಯ ಆ ಎರಡನೆಯವರು ನನ್ನ ಮಾತಿಗೆಲ್ಲ ತಲೆಯಾಡಿಸಿದರು. ಮೂರನೆಯದರಿಂದ ಎದುರು ಮಾತು ಶುರು. ನಾನು ಗೋಲು ಅದ್ಭುತ ಅಂದರೆ ಅವರು, "ಅದೇನ್ ಮಹಾ ಬಿಡಿ, ಕೀಪರ್ ಬಗ್ಗಲಿಲ್ಲ" ಅನ್ನುವರು. ನನಗೂ ಹುರುಪು ಬಂತು. ಇಷ್ಟು ದಿನವಾದ ಮೇಲೆ ಮನೆಯಲ್ಲಿ ಒಂದು ಜಗಳ!

ಸೆಮಿಫೈನಲಿನಲ್ಲಿ ಪೋರ್ಚುಗಲ್ಲಿನ ಒಂದು ತಂಡ ಕೊನೆಯ ನಿಮಿಷದಲ್ಲಿ ಗೋಲು ಹೊಡೆಯಿತು. ಗಂಟಲು ಹರಿಯುವ ಹಾಗೆ ಕಿರುಚಿದೆ. ಎರಡನೆಯವರು ನಿಧಾನವಾಗಿ, "ಯಾಕ್ರೀ ಹಂಗೆ ಕಿರುಚ್ತೀರಾ? ಮುಂದೆ ಕೂತೋರಿಗೆ ಕಣ್ಣಿಲ್ವಾ?" ಅಂದರು.

ಹೇಳಿದ ಮೇಲೆ ಗೊತ್ತಾಯಿತು. ಟೂರ್ನಮೆಂಟ್ ಮುಗಿಸಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಾಗಲೆಲ್ಲ, ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಡುತ್ತಾ ಮನೆಯವಳು ಹೇಳುತ್ತಿದ್ದ ಮಾತು ಅದು. ಅಕ್ಷರ ಕೂಡ ಬದಲಾಗಿರಲಿಲ್ಲ. ಸೀರೆಗಳು ಫ್ಯಾನಿನ ಗಾಳಿಗೆ ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿದ್ದವು. ಮರಳಿನ ಮೇಲೆ ಅವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಾನು ಸೀರೆಗಳನ್ನು ನೋಡುತ್ತಾ ಕೂತಿದ್ದೆ.

ಒಂದು ನಿಮಿಷ ಕಳೆದ ಮೇಲೆ ಹುಡುಗಿಯ ಮೆಸೇಜ್ ಬಂತು: "ಸರ್, ಆಡಿಯೋ ಬರ್ತಿಲ್ಲ. ಇಬ್ಬರದೂ."

ಎರಡು ಲೋಟ

ಎದುರು ಮನೆಯ ಅಜ್ಜಿ ಒಂದು ಮಧ್ಯಾಹ್ನ ಕಾಂಪೌಂಡ್ ಹತ್ತಿರ ನಿಂತು ಕೇಳಿದರು, "ಎವರಪ್ಪಾ ಒಚ್ಚಿಂದಿ? ಯಾರೋ ನೆಂಟರು ಬಂದವರೆ."

"ಯಾರೂ ಇಲ್ಲ ಅಜ್ಜೀ, ನನ್ನ ಕೆಲಸ ಅದು."

"ಸುಳ್ಳು ಹೇಳ್ಬೇಡಪ್ಪ. ನನ್ ಕಿವಿ ಸರಿಯಾಗೇ ಐತೆ. ಇಬ್ರೂ ಜಗಳ ಆಡ್ತಿದ್ರಿ. ಆ ಮನೇಲಿ ಮಾತು ಕೇಳಿಸಿ ಎಷ್ಟು ದಿನ ಆಗಿತ್ತು!" ಅವರ ಮುಖದಲ್ಲಿ ಎಂಥ ಸಂತೋಷ ಇತ್ತೆಂದರೆ ನನಗೆ ಬಿಡಿಸಿ ಹೇಳಲು ಮನಸ್ಸು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಲೋಟ ಟೀ, ಒಂದು ತಟ್ಟೆ ಮಾವಿನ ಹೋಳು ಬಂತು. ಲೋಟ ಹಿಂದಕ್ಕೆ ಕೊಡಬೇಕಲ್ಲ, ಎರಡನ್ನೂ ಕುಡಿದೆ. ಮರುದಿನವೂ ಎರಡು, ಅದರ ಮರುದಿನವೂ ಎರಡು. ಅಜ್ಜಿ ಸಕ್ಕರೆ ಧಾರಾಳವಾಗಿ ಹಾಕುವವರು. ನಾಲ್ಕನೇ ದಿನ, "ಆ ಯಪ್ಪನಿಗೆ ಟೀ ಹಿಡಿಸ್ತಾ?" ಅಂತ ಕೇಳಿದಾಗ, "ಸ್ವಲ್ಪ ಸಕ್ಕರೆ ಕಮ್ಮಿ ಇರಲಿ ಅಂತಾರೆ ಅಜ್ಜೀ" ಅಂದೆ.

ಐದನೇ ದಿನ ಒಂದು ಲೋಟ ಸಪ್ಪೆ. ಇನ್ನೊಂದನ್ನು ಬಾಯಿಗಿಡಲಾಗಲಿಲ್ಲ, ಪಾನಕ. "ಆ ಯಪ್ಪಂದು ಸಕ್ಕರೆ ಉಳೀತಲ್ಲ, ನಿಂದಕ್ಕೆ ಹಾಕಿದೀನಿ" ಅಂದರು.

ಚಾಂಪಿಯನ್‌ಷಿಪ್ ಮುಗಿಯಿತು. ಮನೆಯಲ್ಲಿ ಮಾತು ನಿಂತಿತು. ಅಜ್ಜಿ ಬಾಗಿಲಿಗೆ ಬಂದು ಒಳಗೆ ಇಣುಕಿದರು.

"ಹೋದನೇನಪ್ಪಾ?"

"ಹೋದರು ಅಜ್ಜೀ."

"ವಾರವೆಲ್ಲ ನನ್ ಟೀ ಕುಡಿದು ಒಂದ್ ಮಾತು ಹೇಳದೆ ಹೋದನಾ? ನೀನು ಎಷ್ಟೋ ವಾಸಿ. ಮುಂದಿನ ವರ್ಷ ಬರಲಿ, ನೀರು ಕೊಡ್ತೀನಿ."

ಇಬ್ಬರಲ್ಲಿ ಒಬ್ಬರು

ಮೂರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಆ ಹುಡುಗಿ ಕೆಲಸ ಬಿಟ್ಟು ಬೇರೆ ಕಡೆ ಹೋದಳು. ಅವಳ ಜಾಗಕ್ಕೆ ಒಬ್ಬ ಹೊಸ ಮ್ಯಾನೇಜರ್ ಬಂದ. ಒಂದು ಬೆಳಗ್ಗೆ ಅವನ ಫೋನ್ ಬಂತು.

"ಸರ್, ಬೇಜಾರು ಮಾಡ್ಕೋಬೇಡಿ. ಈ ವರ್ಷದಿಂದ ಪ್ರತಿ ಭಾಷೆಗೂ ಒಬ್ಬರೇ ಕಾಮೆಂಟೇಟರ್ ಅಂತ ಡಿಸೈಡ್ ಆಗಿದೆ."

"ನಾವಿರೋದೇ ಒಬ್ಬರಪ್ಪ" ಅಂದೆ.

"ಹೌದು ಸರ್, ಒಬ್ಬರೇ ಇರ್ಬೇಕು. ಅದನ್ನೇ ಹೇಳ್ತಿರೋದು. ಅರ್ಥ ಮಾಡ್ಕೊಂಡಿದ್ದಕ್ಕೆ ಥ್ಯಾಂಕ್ಸ್."

ಅಲ್ಲಿಗೇ ನಿಜ ಹೇಳಬೇಕಿತ್ತು. ಆದರೆ ಇನ್ನು ಮುಂದೆ ಆ ಎರಡನೇ ದನಿ ಮನೆಯಲ್ಲಿ ಇರುವುದಿಲ್ಲ ಅನ್ನುವುದು ತಲೆಗೆ ಹೋಗುತ್ತಲೇ ವಾದಕ್ಕೇ ನಿಂತುಬಿಟ್ಟೆ. "ಹಂಗೆ ಏಕಾಏಕಿ ತೆಗೀಬಾರದಪ್ಪ. ಅವರದೇನೂ ತಪ್ಪಿಲ್ಲ. ಒಂದು ದಿನ ರಜೆ ಹಾಕಿದವರಲ್ಲ. ವರ್ಷದಲ್ಲಿ ಆ ಒಂದು ವಾರ ನನಗೆ ಎದುರು ಮಾತಾಡೋರು ಅಂದ್ರೆ ಅವರೊಬ್ಬರೇ. ಅವರಿಲ್ಲದೆ ನನ್ನ ಕೈಲಿ ಆಗಲ್ಲ." ಒಂದು ಫೋನಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಆ ಕಡೆ ಅವನೂ ಕಸಿವಿಸಿಗೊಂಡಿದ್ದ. "ಸರ್... ಹೇಗೆ ಹೇಳ್ಲಿ... ಅವರನ್ನ ತೆಗೀತಿಲ್ಲ ಸರ್."

"ಮತ್ತೆ?"

"ನಿಮ್ಮನ್ನ. ನೋಡೋರೆಲ್ಲ ಬರ್ದಿರೋದು ಅವರ ಬಗ್ಗೇನೇ. ಅವರು ತೂಕವಾಗಿ ಮಾತಾಡ್ತಾರಂತೆ, ನೀವು ಸುಮ್ನೆ ಕಿರುಚ್ತೀರಂತೆ. ಅವರನ್ನೇ ಮುಂದುವರಿಸ್ತಿದ್ದೀವಿ. ಅವರ ನಂಬರ್ ಕೊಡ್ತೀರಾ?"

"ಅವರ ಹತ್ರ ಫೋನಿಲ್ಲಪ್ಪ," ಅಂದೆ. "ಇಲ್ಲೇ ಇದ್ದಾರೆ. ಕರೀತೀನಿ, ಇರು."

ಫೋನನ್ನು ಮೇಜಿನ ಮೇಲಿಟ್ಟೆ. ಅಡಿಗೆಮನೆಯವರೆಗೆ ಹೋಗಿ ಒಂದು ಲೋಟ ನೀರು ಕುಡಿದು, ಚಪ್ಪಲಿ ಸದ್ದು ಮಾಡಿಕೊಂಡು ವಾಪಸ್ಸು ಬಂದೆ. ದನಿ ದಪ್ಪ ಮಾಡಿ, "ಹಲೋ, ಏನಪ್ಪಾ?" ಅಂದೆ.

ಅವನ ದನಿಯೇ ಬದಲಾಯಿತು. "ನಮಸ್ತೆ ಸರ್! ನಿಮ್ಮ ಕಾಮೆಂಟ್ರಿ ಸೂಪರ್ ಸರ್. ಈ ಸಲ ನೀವೊಬ್ಬರೇ ಮಾಡ್ಬೇಕು. ಒಂಟಿ ಅನ್ನಿಸಲ್ಲ ತಾನೆ?"

"ಅದೇನಿಲ್ಲ ಬಿಡಪ್ಪಾ. ಅಭ್ಯಾಸ ಐತೆ."

"ಇನ್ನೊಂದು ಮಾತು ಸರ್, ಅವರು ಪಕ್ಕದಲ್ಲಿ ಇಲ್ಲ ತಾನೆ?"

ಸುತ್ತ ನೋಡಿದೆ. "ಇಲ್ಲ. ಹೇಳು."

"ಪಾಪ, ಅವರು ತುಂಬಾ ಮನಸ್ಸಿಗೆ ಹಚ್ಕೊಂಡಿದ್ದಾರೆ. ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅಂತಾರೆ. ಆಟ ನಡೀವಾಗ ಬಂದು ಕೂತ್ರೆ ಕೂತ್ಕೊಳ್ಲಿ, ಬೇಡ ಅನ್ಬೇಡಿ. ಮಧ್ಯೆ ಬಾಯಿ ಹಾಕದ ಹಾಗೆ ಮಾತ್ರ ನೋಡ್ಕೊಳ್ಳಿ."

"ಹಾಕಲ್ಲ ಬಿಡಪ್ಪಾ," ಅಂದರು ಅವರು. "ನಾನು ಹೇಳಿದ್ರೆ ಕೇಳ್ತಾರೆ."

ಆ ವರ್ಷ ಇಡೀ ಚಾಂಪಿಯನ್‌ಷಿಪ್ ಮುಗಿಯುವವರೆಗೆ ನಾನು ಒಂದು ಮಾತೂ ಆಡಲಿಲ್ಲ.